ಮೇಡಂ ತೆಗೆಯದೆ ಬಿಟ್ಟ ಲಾಗಿನ್

ನಮ್ಮ ಮೇಡಂ ಬಲಗೈ ತೋರುಬೆರಳಿನ ಉಗುರು ಕಪ್ಪಗಿತ್ತು. ಯಾವುದೋ ಕಾಲದಲ್ಲಿ ಸರ್ವರ್ ಇಡುವ ಕಬ್ಬಿಣದ ಕಪಾಟಿನ ಬಾಗಿಲಿಗೆ ಸಿಕ್ಕಿ ಜಜ್ಜಿಹೋದದ್ದು, ಮತ್ತೆ ನೆಟ್ಟಗೆ ಬೆಳೆಯಲೇ ಇಲ್ಲವಂತೆ. ಆ ದಪ್ಪ ಡೊಂಕು ಉಗುರಿನಿಂದಲೇ ಅವರು ನಮ್ಮ ಕಂಪ್ಯೂಟರಿನ ಪರದೆ ಕುಟ್ಟುತ್ತಿದ್ದರು. ಹಿಂದೆ ಬಂದು ನಿಂತದ್ದು ಗೊತ್ತೇ ಆಗುತ್ತಿರಲಿಲ್ಲ. ಭುಜದ ಮೇಲಿಂದ ಕೈ ಚಾಚಿ, ತಪ್ಪಿರುವ ಸಾಲಿನ ಮೇಲೆ ಟಕ್ ಅಂತ ಒಂದು ಸಲ. ಆಮೇಲೆ ದನಿ ಏರಿಸದೆ, "ಏಳು" ಎನ್ನುತ್ತಿದ್ದರು.

ಏಳಬೇಕು. ಎದ್ದು ನಿಂತು ಲಾಗ್ ಓದಬೇಕು. ಲಾಗ್ ಅಂದರೆ ಯಂತ್ರ ತನ್ನಲ್ಲಿ ನಡೆದದ್ದನ್ನೆಲ್ಲ ಸಾಲು ಸಾಲಾಗಿ ಬರೆದಿಟ್ಟುಕೊಳ್ಳುವುದು. ಯಾರ ಲಾಗಿನ್‌ನಿಂದ ಏನಾಯಿತು ಅನ್ನುವುದೂ ಅದರಲ್ಲಿರುತ್ತದೆ. ಅದನ್ನು ಆಫೀಸಿನ ಇಡೀ ಹಾಲ್‌ಗೆ ಕೇಳಿಸುವಂತೆ ಓದಬೇಕು, ನಮ್ಮ ಹೆಸರು ಬಂದ ಸಾಲನ್ನು ಎರಡು ಸಲ. "ಮೊದಲನೇ ಸಾಲಿಂದ ಓದು," ಎನ್ನುತ್ತಿದ್ದರು. "ಎಲ್ರೂ ಕೊನೇ ಸಾಲಿಗೆ ಓಡ್ತೀರ. ತಪ್ಪು ಅಲ್ಲಿ ಬಿದ್ದಿರುತ್ತೆ ಅಷ್ಟೇ, ಹುಟ್ಟಿರೋದು ಮೇಲೆ."

ಹೆಬ್ಬಾಳದ ಕೆರೆಗೆ ಬೆನ್ನು ಹಾಕಿ ನಿಂತ ಗಾಜಿನ ಕಟ್ಟಡ ನಮ್ಮ ಆಫೀಸು. ಊರ ತುಂಬ ರಕ್ತಪರೀಕ್ಷೆಯ ಲ್ಯಾಬುಗಳನ್ನಿಟ್ಟುಕೊಂಡಿದ್ದ ಒಂದು ಕಂಪನಿಯ ಫೈರ್‌ವಾಲ್‌ಗಳನ್ನು ನಾವು ನೋಡಿಕೊಳ್ಳುತ್ತಿದ್ದೆವು. ಫೈರ್‌ವಾಲ್ ಅಂದರೆ ಬಾಗಿಲು ಕಾಯುವವನು ಅಂದುಕೊಳ್ಳಿ, ಲ್ಯಾಬಿಗೊಬ್ಬ. ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನುವ ಅಪ್ಪಣೆಗಳೆಲ್ಲ ನಮ್ಮಲ್ಲಿದ್ದ ಒಂದೇ ಸರ್ವರಿನಿಂದ ಹೋಗುತ್ತಿದ್ದವು. ಆ ಅಪ್ಪಣೆಗಳನ್ನು ತಿದ್ದುವುದೇ ನಮ್ಮ ಕೆಲಸ. ಅದರಲ್ಲಿ ಒಂದು ಸಾಲು ಮೇಲೆ ಕೆಳಗೆ ಆದರೆ ಎಲ್ಲೋ ಒಬ್ಬರ ರಿಪೋರ್ಟು ಡಾಕ್ಟರಿಗೆ ತಲುಪುತ್ತಿರಲಿಲ್ಲ.

ನಾನು ಅಲ್ಲಿ ಕಾಂಟ್ರಾಕ್ಟ್ ಮೇಲೆ ಸೇರಿದವಳು. ಹೊಸದರಲ್ಲೇ ಆರ್‌ಟಿ ನಗರದ ಲ್ಯಾಬಿನ ರಿಪೋರ್ಟುಗಳನ್ನು ಅರ್ಧ ದಿನ ತಡೆದು ಕೂರಿಸಿದ್ದೆ. ಟಕ್ ಅಂತು. ಎದ್ದೆ. ಓದುತ್ತ ಓದುತ್ತ ಕಣ್ಣು ತುಂಬಿ ಅಕ್ಷರ ಕಾಣದಾಯಿತು. ಮೇಡಂ ಕರ್ಚೀಫು ಕೊಡಲಿಲ್ಲ, ನೀರೂ ಕೊಡಲಿಲ್ಲ. "ಅಳು ಬಂದ್ರೆ ಅತ್ಕೊಂಡೇ ಓದು. ಕಣ್ಣೀರಿಗೂ ಲಾಗ್‌ಗೂ ಸಂಬಂಧ ಇಲ್ಲ," ಎಂದರು. ಸುಳ್ಳು ಯಾಕೆ ಹೇಳಲಿ, ಅವತ್ತು ಬಾತ್‌ರೂಮಿನಲ್ಲಿ ನಿಂತು ಅವರಿಗೆ ನಾನು ಹಾಕಿದ ಶಾಪಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಬಿಟ್ಟು ಹೋಗಬಹುದಿತ್ತಲ್ಲ ಅನ್ನುತ್ತೀರಿ. ಹೋಗುವುದೆಲ್ಲಿಗೆ? ನಮ್ಮದು ಅಬ್ಬಿಗೆರೆ, ಅದು ಹಳ್ಳಿಯಾಗಿದ್ದ ಕಾಲದ ಮನೆ. ಹೊಲಗಳೆಲ್ಲ ಸೈಟುಗಳಾದ ಮೇಲೆ ನಮ್ಮ ಅತ್ತೆ ಮನೆಯವರು ಬಿಲ್ಡರ್‌ಗಳಾದರು. ಅತ್ತೆಯ ಮಗನಿಗೆ ನನ್ನನ್ನು ಕೊಡುವುದೆಂದು ನಾನು ಲಂಗ ಹಾಕುವ ವಯಸ್ಸಿನಲ್ಲೇ ಮಾತಾಗಿತ್ತು. ಅವನು ಕೆಟ್ಟವನೇನಲ್ಲ, ಅವನು ಮಾತಾಡುವಾಗ ಬೇರೆಯವರ ಮಾತಿಗೆ ಜಾಗ ಇರುತ್ತಿರಲಿಲ್ಲ, ಅಷ್ಟೇ. ಅಪ್ಪ ತಮ್ಮ ತಂಗಿಗೆ ಕೊಟ್ಟ ಮಾತು ಮುರಿಯಲೂ ಆಗದೆ, ನನ್ನನ್ನು ಬಲವಂತ ಮಾಡಲೂ ಆಗದೆ, ಕೊನೆಗೆ ಒಂದು ತೀರ್ಮಾನಕ್ಕೆ ಬಂದಿದ್ದರು. ಕೆಲಸ ಇರುವ ತನಕ ಮದುವೆಯ ಮಾತೆತ್ತುವುದಿಲ್ಲ, ಕೆಲಸ ಹೋದರೆ ತಾಳಿಗೆ ತಲೆ ಬಗ್ಗಿಸಬೇಕು. ದಿನಾ ಬೆಳಗ್ಗೆ ನಾನು ಗಂಗಮ್ಮನ ಗುಡಿ ಸರ್ಕಲ್ಲಿಗೆ ಹೊರಟಾಗ ಅಜ್ಜಿ ಬಾಗಿಲಲ್ಲಿ ಕೂತು, "ಇನ್ನೂ ಎಷ್ಟ್ ದಿನ ಇಂಗೆ ತಿರುಗ್ತೀಯಮ್ಮಿ, ಆ ಉಡುಗ ಕಾಯ್ಕಂಡವ್ನೆ" ಎನ್ನುತ್ತಿದ್ದಳು. ಹಾಗಾಗಿ ಮೇಡಂ ಉಗುರಿನ ಸದ್ದನ್ನು ನಾನು ಸಹಿಸಿದೆ. ಆ ಕೆಲಸ ನನಗೆ ಬರೀ ಕೆಲಸ ಆಗಿರಲಿಲ್ಲ.

ಮೇಡಂ ಕ್ರೂರಿ ಅನ್ನುವುದರಲ್ಲಿ ಎರಡು ಮಾತಿಲ್ಲ. ನಮ್ಮ ಸೀನಿಯರ್ ಒಬ್ಬರಿದ್ದರು, ತಲೆಯಲ್ಲಿ ನರೆ ಬಂದವರು. ಒಂದು ದಿನ ಅವರ ಬಾಮೈದುನ ನಮ್ಮಲ್ಲಿಗೇ ಇಂಟರ್‌ವ್ಯೂಗೆ ಬಂದು ಹಾಲಿನ ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಅವತ್ತೇ ಸೀನಿಯರ್ ಏನೋ ಎಡವಟ್ಟು ಮಾಡಿಕೊಂಡಿದ್ದರು. "ಮೇಡಂ, ಇವತ್ತೊಂದು ದಿನ ಬೇಡ," ಎಂದು ಅವರು ಪಿಸುಗುಟ್ಟಿದ್ದು ನನಗೂ ಕೇಳಿಸಿತು. "ಯಾಕೆ, ಇವತ್ತು ಅಮಾವಾಸ್ಯೆನಾ? ಏಳಪ್ಪ," ಎಂದರು ಮೇಡಂ. ಸೀನಿಯರ್ ಓದಿದರು. ಬಾಮೈದುನ ತನ್ನ ಬೂಟು ನೋಡುತ್ತ ಕೂತ. ಓದಿ ಮುಗಿದ ಮೇಲೆ ಮೇಡಂ ಆ ಹುಡುಗನ ಕಡೆ ತಿರುಗಿ, "ಸೇರಿದ್ರೆ ನಿಂಗೂ ಇದೇ. ಈಗಲೇ ನೋಡ್ಕೊಂಡ್ಬಿಡು," ಎಂದರು. ಅವನು ಇಂಟರ್‌ವ್ಯೂ ಕೊಡದೆ ಎದ್ದು ಹೋದ. ಸೀನಿಯರ್ ಆಮೇಲೆ ಮೇಡಂ ಎದುರು ನಗುವುದನ್ನೇ ಬಿಟ್ಟರು.

ಓದುವ ಶಿಕ್ಷೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳದವನು ಒಬ್ಬನೇ. ಯಶವಂತಪುರದ ಹುಡುಗ, ಎಲ್ಲರಿಗೂ 'ಮಗಾ' ಅಂತಲೇ ಗೊತ್ತು; ಇಲ್ಲೂ ಹಾಗೇ ಇರಲಿ. ಅವನು ತನ್ನ ತಪ್ಪನ್ನು ರೇಡಿಯೋದಲ್ಲಿ ವಾರ್ತೆ ಓದುವವರ ಧಾಟಿಯಲ್ಲಿ, ನಿಲ್ಲಿಸಿ ನಿಲ್ಲಿಸಿ, ಗಂಭೀರವಾಗಿ ಓದುತ್ತಿದ್ದ. ಕೊನೆಗೆ "ವಾರ್ತೆಗಳು ಮುಗಿದವು" ಎನ್ನುತ್ತಿದ್ದ. ನಾವೆಲ್ಲ ಮೇಜಿನ ಕೆಳಗೆ ಮುಖ ಹಾಕಿ ನಗುತ್ತಿದ್ದೆವು. ಒಂದು ಸಲ ಮೇಡಂ ಗೋಡೆಯ ಕಡೆ ತಿರುಗಿಬಿಟ್ಟರು. ಅವರ ಬೆನ್ನು ಕುಲುಕುತ್ತಿತ್ತು. ತಿರುಗಿ ನಿಂತಾಗ ಮಾತ್ರ ಅದೇ ಮುಖ. "ಕೂತ್ಕೋ ಕತ್ತೆ," ಎಂದರು. ಅವರ ಬಾಯಲ್ಲಿ ಅಷ್ಟು ಹತ್ತಿರದ ಮಾತು ಬೇರೆ ಯಾರಿಗೂ ಸಿಕ್ಕಿದ್ದಿಲ್ಲ.

ಸಂಕ್ರಾಂತಿಗೆ ಮುಂಚೆ, ಹೆಬ್ಬಾಳದ ಫ್ಲೈಓವರ್ ಇಳಿಯುವಾಗ, ಮಗಾನ ಬೈಕಿಗೆ ಲಾರಿ ಬಡಿಯಿತು. ಅಲ್ಲೇ ಹೋದ. ಮಣ್ಣು ಮಾಡಿ ಬಂದ ಮಾರನೆಯ ಬೆಳಗ್ಗೆ ನಾವು ಕೆಂಪು ಕಣ್ಣುಗಳಲ್ಲಿ ಕೂತಿದ್ದರೆ ಮೇಡಂ ಬಂದು, "ಅವನ ಕೈಲಿದ್ದ ಕೆಲಸ ಹಂಚ್ಕೊಳ್ಳಿ. ಮಧ್ಯಾಹ್ನದೊಳಗೆ ಯಾರಿಗೆ ಯಾವ್ದು ಅಂತ ನಂಗೆ ಗೊತ್ತಾಗ್ಬೇಕು," ಎಂದರು. ಬೇರೆ ಒಂದು ಮಾತಿಲ್ಲ. "ಇವಳದು ಮನುಷ್ಯರ ಜನ್ಮನಾ?" ಎಂದು ಸೀನಿಯರ್ ಹಲ್ಲು ಕಡಿದರು. ನಾನೂ ಹಾಗೇ ಅಂದುಕೊಂಡೆ.

ಆಮೇಲಿನ ತಿಂಗಳುಗಳಲ್ಲಿ ಒಂದು ವಿಚಿತ್ರ ನೋಡಿದೆ. ಹಾಲಿನಲ್ಲಿ ಎದ್ದು ನಿಲ್ಲುವವರು ಕಡಿಮೆಯಾಗುತ್ತ ಬಂದರು. ತಪ್ಪುಗಳೇನೂ ಕಡಿಮೆಯಾಗಿರಲಿಲ್ಲ. ಲ್ಯಾಬಿನಿಂದ ದೂರು ಬರುತ್ತಿತ್ತು, ಮೇಡಂ ಬರುತ್ತಿದ್ದರು, ಯಾರದೋ ಪರದೆಯ ಮೇಲೆ ಲಾಗ್ ತೆರೆದು ನೋಡುತ್ತಿದ್ದರು. ಬೆರಳು ಮೇಲೇಳುತ್ತಿತ್ತು. ಟಕ್ ಅನ್ನುತ್ತಿರಲಿಲ್ಲ. ಬೆರಳನ್ನು ಹಾಗೇ ಮಡಚಿಕೊಂಡು ತಮ್ಮ ಕ್ಯಾಬಿನ್ನಿಗೆ ಹೋಗಿಬಿಡುತ್ತಿದ್ದರು. ವಯಸ್ಸಾಯಿತು, ಸುಸ್ತಾಗಿದ್ದಾರೆ ಅಂದುಕೊಂಡೆ. ಎದ್ದು ನಿಂತು ಓದುವ ಭಾಗ್ಯ ಹೆಚ್ಚುಕಡಿಮೆ ನನ್ನೊಬ್ಬಳಿಗೇ ಉಳಿಯಿತು. ಉಳಿದವರು ಊಟದ ಹೊತ್ತಿಗೆ ಗುಂಪಾಗಿ ಏನೋ ಮಾತಾಡುತ್ತಿದ್ದವರು ನಾನು ಡಬ್ಬಿ ಹಿಡಿದು ಬಂದರೆ ಸುಮ್ಮನಾಗುತ್ತಿದ್ದರು. ಕಾಂಟ್ರಾಕ್ಟಿನವಳು ಅಂತ ಹೀಗೆ, ಇರಲಿ ಅಂದುಕೊಂಡೆ.

ಗಣೇಶನ ಹಬ್ಬ ಮುಗಿದ ಮೇಲೊಂದು ಭಾನುವಾರ ಸರ್ವರಿನ ಅಪ್‌ಗ್ರೇಡ್ ಇಟ್ಟುಕೊಂಡರು. ಇದ್ದದ್ದು ಹಳತಾಗಿತ್ತು, ಅದರಲ್ಲಿದ್ದ ಅಪ್ಪಣೆಗಳ ಇಡೀ ಡೇಟಾಬೇಸನ್ನು ಹೊಸದಕ್ಕೆ ಸಾಗಿಸಬೇಕಿತ್ತು. ಸೋಮವಾರ ಬೆಳಗ್ಗೆ ಜನ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಸಾಲು ನಿಲ್ಲುವುದರೊಳಗೆ ಎಲ್ಲ ಸರಿಯಿರಬೇಕು. ಬೆಳಗಿನ ತಿಂಡಿ ಮುಗಿಸಿ ಶುರು ಮಾಡಿದೆವು. ಲ್ಯಾಬ್ ಕಂಪನಿಯ ಕಡೆಯ ಅಧಿಕಾರಿಯೊಬ್ಬರು ಫೋನಿನ ಸ್ಪೀಕರಿನಲ್ಲಿ ನಮ್ಮ ಜೊತೆಗಿದ್ದರು.

ಸಾಗಾಟ ಮುಕ್ಕಾಲು ದಾರಿ ಹೋಗಿ ನಿಂತುಬಿಟ್ಟಿತು. 'ವಿಫಲ' ಅಂತ ಒಂದೇ ಮಾತು. ಜಾಗ ಸಾಲದೇನೋ ಎಂದು ಸೀನಿಯರ್ ಹೊಸ ಸರ್ವರಿನ ಡಿಸ್ಕ್ ಖಾಲಿ ಮಾಡಿಸಿದರು. ಮತ್ತೆ ಓಡಿಸಿದೆವು, ಅದೇ ಜಾಗದಲ್ಲಿ ನಿಂತಿತು. ಎರಡೂ ಸರ್ವರುಗಳ ಗಡಿಯಾರ ಹೊಂದಿಸಿದೆವು. ಮತ್ತೆ ಅದೇ ಕಥೆ. ಹಳೆಯದನ್ನೊಮ್ಮೆ ಆರಿಸಿ ಹಚ್ಚೋಣ ಎಂದು ಸೀನಿಯರ್ ಅಂದದ್ದೇ ತಡ, ಮೇಡಂ ಕ್ಯಾಬಿನ್ನಿನಿಂದ ಹೊರಗೆ ಬಂದರು.

"ಆರಿಸಿ ಹಚ್ಚೋಕೆ ಇದೇನು ನಿಮ್ಮನೆ ಟ್ಯೂಬ್‌ಲೈಟಾ? ಲಾಗ್ ಯಾರು ಓದಿದ್ರಿ?"

ಎಲ್ಲರೂ ಕೊನೆಯ ಸಾಲು ಓದಿದ್ದೆವು. ಮೇಡಂ ನನ್ನನ್ನು ನೋಡಿದರು.

"ಏಳು. ಮೊದಲನೇ ಸಾಲಿಂದ."

ಓದಿದೆ. ಎಷ್ಟೋ ಹೊತ್ತು ಓದಿದೆ, ನಾಲಿಗೆ ಒಣಗುವಷ್ಟು. ಸೀನಿಯರ್, "ಇದೆಲ್ಲ ಟೈಮ್ ವೇಸ್ಟ್ ಮೇಡಂ," ಎಂದರು. ಅವರ ಹಣೆಯಲ್ಲಿ ಬೆವರಿತ್ತು. ನಡುವೆಲ್ಲೋ ಆ ಸಾಲು ಬಂತು. ಒಂದು ಲಾಗಿನ್‌ನಲ್ಲಿ ತಿದ್ದಲು ತೆಗೆದು ಮುಗಿಸದೆ ಬಿಟ್ಟ ಕೆಲಸಗಳಿವೆ, ಅವಕ್ಕೆಲ್ಲ ಬೀಗ ಬಿದ್ದಿದೆ, ಬೀಗ ಬಿಡಿಸದೆ ಸಾಗಿಸಲಾಗುವುದಿಲ್ಲ ಎಂದು. ಲಾಗಿನ್ ಯಾರದು ಅನ್ನುವುದು ಮುಂದಿನ ಸಾಲಿನಲ್ಲಿತ್ತು. ನಾನು ಯೋಚಿಸದೆ ಓದಿಬಿಟ್ಟೆ. ಮಗಾನ ಹೆಸರು. ಕೊನೆಯ ಸಲ ಲಾಗಿನ್ ಆದದ್ದು ಮೊನ್ನೆ ಗುರುವಾರ.

ಫೋನಿನೊಳಗಿಂದ ಆ ಅಧಿಕಾರಿಯ ದನಿ ಬಂತು: "ಒಂದ್ನಿಮಿಷ. ಅವ್ರು ತೀರ್ಕೊಂಡ್ರಲ್ವಾ? ನಾವು ಹಾರ ಕಳ್ಸಿದ್ವಲ್ಲ?"

ಮೇಡಂ, "ಹತ್ತು ನಿಮಿಷದಲ್ಲಿ ನಾನೇ ಫೋನ್ ಮಾಡ್ತೀನಿ ಸರ್," ಎಂದು ಫೋನ್ ಇಟ್ಟರು. ಆಮೇಲೆ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದರು.

"ಗುರುವಾರ ಯಾರು ಎಬ್ಬಿಸ್ಕೊಂಡ್ ಬಂದ್ರಿ ಅವನನ್ನ? ಬಂದವ್ನಿಗೆ ಕಾಫಿನಾದ್ರೂ ಕೊಟ್ರಾ?"

ಒಬ್ಬಳು ಬಿಕ್ಕಿದಳು. ಮೇಡಂ ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಆಗ ನನಗೆ ಎಲ್ಲ ಅರ್ಥವಾಯಿತು. ಮಗಾನ ಪಾಸ್‌ವರ್ಡ್ ಅವನ ಗೆಳೆಯರಿಗೆ ಗೊತ್ತಿತ್ತು. ಅವನು ಸತ್ತ ಮೇಲೆ, ಎಡವಟ್ಟಾಗಬಹುದಾದ ಕೆಲಸವನ್ನೆಲ್ಲ ಅವರು ಅವನ ಲಾಗಿನ್‌ನಲ್ಲಿ ಮಾಡುತ್ತಿದ್ದರು. ಕೆಟ್ಟರೆ ಲಾಗ್‌ನಲ್ಲಿ ಅವನ ಹೆಸರು ಬೀಳುತ್ತದೆ. ಸತ್ತವನನ್ನು ಎದ್ದು ನಿಲ್ಲು ಅನ್ನುವವರು ಯಾರು? ಅರ್ಧಕ್ಕೆ ಬಿಟ್ಟ ಕೆಲಸವೂ ಅವನದೇ ಆದ್ದರಿಂದ ಮುಗಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಮೇಡಂ ಭಯಕ್ಕೆ ಸತ್ತವನನ್ನು ಮುಂದೆ ನಿಲ್ಲಿಸಿ ಅವನ ಬೆನ್ನ ಹಿಂದೆ ಅಡಗಿಕೊಂಡಿದ್ದರು ನಮ್ಮವರು. ಮೇಡಂ ಬೆರಳು ಯಾಕೆ ಗಾಳಿಯಲ್ಲೇ ನಿಲ್ಲುತ್ತಿತ್ತು ಅನ್ನುವುದೂ ಅವತ್ತೇ ಹೊಳೆಯಿತು. ಅವರು ಆ ಹೆಸರನ್ನು ಎಷ್ಟೋ ಸಲ ನೋಡಿದ್ದರು. ನೋಡಿಯೂ ಸುಮ್ಮನಿದ್ದರು.

ಮೇಡಂ ಮಗಾನ ಅರೆಬರೆ ಕೆಲಸಗಳನ್ನೆಲ್ಲ ರದ್ದು ಮಾಡಿದರು. ಬೀಗಗಳು ಬಿಟ್ಟವು. ಆಮೇಲೆ ಅವನ ಲಾಗಿನ್ ಅಳಿಸಲು ಕೂತರು. ಖಚಿತವೇ ಎಂದು ಯಂತ್ರ ಕೇಳಿತು. ಒಂದು ಕ್ಷಣ ಕೈ ನಿಂತಿತು. ಒತ್ತಿದರು. ಮತ್ತೆ ಓಡಿಸಿದ ಸಾಗಾಟ ಎಲ್ಲೂ ನಿಲ್ಲದೆ ಮುಗಿಯಿತು, ಸಂಜೆಯ ಬೆಳಕಿರುವಾಗಲೇ ನಾವು ಮನೆಗೆ ಹೊರಟೆವು. ಬಸ್ಸಿನಲ್ಲಿ ನನಗೆ ಖುಷಿಯೇ ಆಗಿತ್ತು. ನನ್ನ ತಲೆಯ ಮೇಲೆ ಏನು ತೂಗುತ್ತಿದೆ ಅನ್ನುವುದು ಗೊತ್ತಿರಲಿಲ್ಲ.

ಸೋಮವಾರ ಡೆಲಿವರಿ ಹೆಡ್ ನಮ್ಮನ್ನೆಲ್ಲ ಮೀಟಿಂಗ್ ರೂಮಿಗೆ ಕರೆದರು. ಮೇಡಂಗಿಂತ ಮೇಲಿನವರು, ಮೇಡಂ ಬಾಯಿಗೆ ಅವರೂ ಹೆದರುತ್ತಿದ್ದರು. "ಸತ್ತ ಎಂಪ್ಲಾಯಿ ಲಾಗಿನ್ ಯೂಸ್ ಆಗಿದೆ ಅಂತ ಕ್ಲೈಂಟ್ ಕುಣೀತಿದಾರೆ. ಅವ್ರಿಗೆ ಒಂದು ಹೆಸರು ಬೇಕು. ಆ ವ್ಯಕ್ತಿ ಇವತ್ತೇ ಕೆಲಸ ಬಿಡ್ಬೇಕು. ಯಾರು?" ಎಂದರು.

ಸೀನಿಯರ್ ಗಂಟಲು ಸರಿಮಾಡಿಕೊಂಡರು. ನನ್ನ ಕಡೆ ನೋಡಲಿಲ್ಲ. "ಸರ್, ಈ ಹುಡುಗಿ ಹೊಸಬಳು, ಕಾಂಟ್ರಾಕ್ಟು. ಗೊತ್ತಿಲ್ದೆ ಯೂಸ್ ಮಾಡಿರ್ಬೋದು."

ಉಳಿದವರು ಮೇಜು ನೋಡಿದರು. ನನ್ನ ಜೊತೆ ಡಬ್ಬಿ ಹಂಚಿಕೊಂಡವರೇ! ಡೆಲಿವರಿ ಹೆಡ್ ಮುಖ ಅರಳಿತು. "ಕಾಂಟ್ರಾಕ್ಟ್ ಆದ್ರೆ ಸುಲಭ," ಎಂದರು. ಅತ್ತೆ ಮನೆಯ ಗ್ರಾನೈಟ್ ಹಾಸಿದ ಪಡಸಾಲೆ, ಅಲ್ಲಿ ತಲೆ ಬಗ್ಗಿಸಿ ಕೂತ ನಾನು, ಇಷ್ಟೇ ಕಣ್ಣ ಮುಂದೆ ಬಂದದ್ದು.

"ಆ ಲಾಗಿನ್ ಎಲ್ಲರ ಸೀಟಿಂದಲೂ ಓಪನ್ ಆಗಿದೆ," ಎಂದರು ಮೇಡಂ. "ಇವಳ ಸೀಟಿಂದ ಮಾತ್ರ ಇಲ್ಲ."

"ಮೇಡಂ, ಎಲ್ಲರನ್ನೂ ಕಳ್ಸೋಕಾಗುತ್ತಾ? ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡಿ."

"ಲಾಗ್‌ನಲ್ಲಿ ಇಲ್ದೇ ಇರೋ ಹೆಸರು ನಾನು ಕೊಡಲ್ಲ."

ಸೀನಿಯರ್ ಇನ್ನೊಂದು ದಾರಿ ಹುಡುಕಿದರು. "ಹಾಗಾದ್ರೆ ಮಗಾನೇ ಬದುಕಿದ್ದಾಗ ಏನೋ ಸೆಟ್ ಮಾಡಿಟ್ಟಿದ್ದ, ಅದು ತಾನಾಗೇ ಓಡ್ತಿತ್ತು ಅಂದ್ಬಿಡೋಣ ಸರ್. ಹೋದವ್ನಿಗೆ ಇನ್ನೇನ್ ನಷ್ಟ?"

ಮೇಡಂ ಅವರನ್ನು ನೋಡಿದ ನೋಟ ಈಗಲೂ ಕಣ್ಣಲ್ಲಿದೆ. "ಅವನ ಹೆಣ ನೀವೇ ಹೊತ್ರಿ. ಈಗ ಅವನ ಮೇಲೆ ನೀವು ಹತ್ತಿ ಕೂತ್ಕೊಳ್ತೀರಾ?" ಎಂದರು. ಆಮೇಲೆ ಡೆಲಿವರಿ ಹೆಡ್ ಕಡೆ ತಿರುಗಿ, ಕಾಫಿಗೆ ಸಕ್ಕರೆ ಬೇಡ ಅನ್ನುವಷ್ಟು ಸಲೀಸಾಗಿ, "ನನ್ನ ಹೆಸರು ಬರ್ಕೊಳ್ಳಿ. ಹೋದವ್ರ ಲಾಗಿನ್ ತೆಗೆಯೋದು ಮ್ಯಾನೇಜರ್ ಕೆಲಸ. ನಾನು ತೆಗೀಲಿಲ್ಲ," ಎಂದರು.

"ಯಾಕೆ ತೆಗೀಲಿಲ್ಲ?"

"ಮರೆತೆ."

ಹತ್ತು ವರ್ಷದ ಹಿಂದಿನ ತಪ್ಪನ್ನೂ ಯಾರದೆಂದು ಹೇಳುತ್ತಿದ್ದ ಹೆಂಗಸು! ಅದು ಸುಳ್ಳೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಡೆಲಿವರಿ ಹೆಡ್ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಅವರಿಗೆ ಬಯಸಿದ್ದೇ ಸಿಕ್ಕಿತ್ತು. ಎದ್ದು ಹೊರಡುವಾಗ ಮೇಡಂ ಸೀನಿಯರ್ ಹತ್ತಿರ ನಿಂತರು. "ನಾಳೆಯಿಂದ ನೀನೇ ಮ್ಯಾನೇಜರ್ ಆಗ್ತೀಯ. ಖುಷಿ ಪಡು. ನಿನ್ನ ಕೈಕೆಳಗಿನವ್ರು ನಿಂಗೆ ಹೆದರೋದಿಲ್ಲ, ನಿನ್ನ ನಂಬೋದೂ ಇಲ್ಲ."

ಸೆಕ್ಯುರಿಟಿಯವನು ಲಿಫ್ಟಿನ ತನಕ ಅವರ ಹಿಂದೆ ಹೋಗಿ ಕಾರ್ಡು ಇಸಿದುಕೊಂಡ. ಯಾರೂ ಕುರ್ಚಿ ಬಿಟ್ಟು ಏಳಲಿಲ್ಲ. ಮಧ್ಯಾಹ್ನ ನಮ್ಮವರು ಬಿರಿಯಾನಿ ತರಿಸಿದರು. ಮೊದಮೊದಲು ಮೆಲ್ಲಗಿದ್ದ ನಗು ಆಮೇಲೆ ಜೋರಾಯಿತು. ನನ್ನ ಮೇಜಿನ ಮೇಲೂ ಒಂದು ಡಬ್ಬ ಇಟ್ಟು, "ಮನಸ್ಸಿಗೆ ಹಚ್ಕೋಬೇಡ ಕಣಮ್ಮ, ಟೆನ್ಷನ್‌ನಲ್ಲಿ ಏನೋ ಅಂದೆ," ಎಂದರು ಸೀನಿಯರ್. ಹಸಿವಾಗಿತ್ತು. ತಿಂದೆ.

ಮುಂದಿನ ವರ್ಷ ನನ್ನ ಕೆಲಸ ಕಾಯಂ ಆಯಿತು. ಅತ್ತೆಯ ಮಗನಿಗೆ ದೊಡ್ಡಬಳ್ಳಾಪುರದ ಕಡೆಯ ಹುಡುಗಿಯೊಂದಿಗೆ ಮದುವೆಯಾಯಿತು, ನಾನೇ ಹೋಗಿ ಅಕ್ಷತೆ ಹಾಕಿ ಬಂದೆ. ಕೃತಜ್ಞತೆ ಹೇಳಬೇಕೆಂದು ಒಂದು ಭಾನುವಾರ ಮೈಸೂರುಪಾಕಿನ ಡಬ್ಬ ಹಿಡಿದು ಯಲಹಂಕದ ಹಳೇ ಊರಿನಲ್ಲಿ ಮೇಡಂ ಮನೆ ಹುಡುಕಿಕೊಂಡು ಹೋದೆ. ಅಣ್ಣನ ಮನೆಯ ಪಕ್ಕದ ಎರಡು ಕೋಣೆಯಲ್ಲಿ ಒಬ್ಬರೇ ಇದ್ದರು. ತುಂಬ ಇಳಿದುಹೋಗಿದ್ದರು. ಗೇಟು ತೆರೆಯಲಿಲ್ಲ. ಗೇಟಿನ ಆಚೆ ಅವರು, ಈಚೆ ನಾನು.

"ನೀವಿಲ್ದಿದ್ರೆ ನನ್ ಕೆಲಸ ಹೋಗ್ತಿತ್ತು ಮೇಡಂ," ಎಂದೆ.

"ನಿನ್ನ ಉಳ್ಸೋಕೆ ಮಾಡ್ದೆ ಅಂದ್ಕೊಂಡಿದೀಯಾ? ಅಷ್ಟು ದೊಡ್ಡವಳಾ ನೀನು? ಲಾಗ್‌ನಲ್ಲಿ ನಿನ್ನ ಹೆಸರಿರ್ಲಿಲ್ಲ, ನಂದಿರ್ಬೇಕಿತ್ತು. ಅಷ್ಟೇ."

"ನಾನು ಆ ಲಾಗಿನ್ ಮುಟ್ಲಿಲ್ಲ ಮೇಡಂ. ನೀವು ಅದನ್ನ ನೋಡಿದ್ರಿ. ನಂಗೆ ಅದೇ ದೊಡ್ಡದು."

ಮೇಡಂ ನನ್ನನ್ನೇ ದಿಟ್ಟಿಸಿದರು. "ನಿಂಗೆ ಪಾಸ್‌ವರ್ಡ್ ಯಾರೂ ಹೇಳಿರ್ಲಿಲ್ಲ," ಎಂದರು. "ಕಾಂಟ್ರಾಕ್ಟಿನವಳು ಅಂತ ಗುಂಪಿಗೆ ಸೇರಿಸ್ಕೊಂಡಿರ್ಲಿಲ್ಲ. ಹೇಳಿದ್ರೆ ನೀನೂ ಮಾಡ್ತಿದ್ದೆ."

"ಇಲ್ಲ ಮೇಡಂ!"

"ಮಾಡ್ತಿದ್ದೆ." ಸಿಟ್ಟೇನೂ ಇರಲಿಲ್ಲ ಆ ದನಿಯಲ್ಲಿ. "ಡಬ್ಬ ಅಲ್ಲಿಡು. ನಂಗೆ ಶುಗರ್ ಇದೆ, ಅಣ್ಣನ ಮನೇವ್ರು ತಿಂತಾರೆ."

ಬಸ್ ಸ್ಟ್ಯಾಂಡಿನ ತನಕ ಉರಿಯುತ್ತ ನಡೆದೆ. ಕೈಮುಗಿಯಲು ಹೋದವಳ ಕೆನ್ನೆಗೆ ಹೊಡೆದು ಕಳಿಸಿದ್ದರು. ಇನ್ನು ಈ ಹೆಂಗಸಿನ ಮುಖ ನೋಡಬಾರದು ಅಂದುಕೊಂಡೆ. ನೋಡಲೂ ಇಲ್ಲ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಅಡುಗೆ ಮಾಡುವಾಗ, ಬಸ್ಸಿನಲ್ಲಿ ನಿಂತಾಗ, ನನ್ನೊಳಗೇ ಅವರೊಂದಿಗೆ ವಾದ ಮಾಡುತ್ತಿದ್ದೆ. ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದೆ: ಟಕ್ ಅನ್ನುವ ಸದ್ದು, ಜನ ತುಂಬಿದ ಹಾಲ್, ಎದ್ದು ನಿಂತ ನಾನು. ಅದರಿಂದ ತಪ್ಪಿಸಿಕೊಳ್ಳುವ ದಾರಿ ಇದೆ ಎಂದು ಯಾರಾದರೂ ಕಿವಿಯಲ್ಲಿ ಹೇಳಿದ್ದರೆ?

ಅವರು ತೀರಿಕೊಂಡ ಸುದ್ದಿ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಬಂತು. ಕೈಮುಗಿದ ಚಿತ್ರಗಳು ಒಂದಷ್ಟು ಬಿದ್ದವು, ಅದರ ಬೆನ್ನಿಗೇ ಯಾರೋ ಕ್ರಿಕೆಟ್ ಸ್ಕೋರು ಹಾಕಿದರು. ಯಲಹಂಕಕ್ಕೆ ಹೋದವಳು ನಾನೊಬ್ಬಳೇ. ಮನೆ ಮುಂದೆ ಚಾಪೆಯ ಮೇಲೆ ಮಲಗಿಸಿದ್ದರು. ಅತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, "ನೀವು ಆಫೀಸಿನವ್ರಾ? ನಿನ್ನೆ ಸಾಯಂಕಾಲಾನೂ ನಮ್ಮನ್ನ ಬಯ್ದ್ರು ಕಣ್ರೀ," ಎಂದರು.

ಬಗ್ಗಿ ಹೂ ಇಟ್ಟೆ. ಅಳು ಬರಲಿಲ್ಲ, ನಿಜ ಹೇಳುತ್ತೇನೆ. ಅವರ ಮೇಲೆ ಸಿಟ್ಟು ಹಾಗೇ ಇತ್ತು. ನನ್ನ ಬದುಕು ನನ್ನ ಕೈಯಲ್ಲೇ ಉಳಿದದ್ದು ಈ ಹೆಂಗಸಿನಿಂದ ಅನ್ನುವುದೂ ಹಾಗೇ ಇತ್ತು.

"ಹೌದು ಮೇಡಂ," ಎಂದೆ. "ಮಾಡ್ತಿದ್ದೆ."

"ಏನಮ್ಮ ಅಂದ್ರಿ?" ಎಂದರು ಅತ್ತಿಗೆ.

"ಏನಿಲ್ಲ," ಎಂದು ಪಕ್ಕಕ್ಕೆ ಸರಿದು ನಿಂತೆ.